ಅಳತೆಗೋಲು ಯಾರದು?

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಚಾವುಂಡರಾಯರಸನು 1047ರಲ್ಲಿ ನಿಲ್ಲಿಸಿದ ಗಂಡಭೇರುಂಡ ಸ್ತಂಭವನ್ನು ನಮ್ಮ ವಾಚಕರಲ್ಲಿ ಹಲವರು ಕಂಡಿರಬಹುದು. ಆ ಊರಿನ ಶಾಸನಗಳಲ್ಲಿ ದತ್ತಿಯ ಭೂಮಿಯನ್ನು ‘ಭೇರುಂಡ ಗಳೆ’ಯಿಂದ ಅಳೆದುಕೊಟ್ಟ ಮಾತು ಬರುತ್ತದೆ. ಸೀಮೆಗೊಂದು ಗಳೆಯಿದ್ದ ಕಾಲದಲ್ಲಿ ಯಾವ ಗಳೆಯೆಂದು ಕಲ್ಲಿನಲ್ಲಿ ಕೊರೆಯಿಸಿದ್ದು ವಿವೇಕದ ಕೆಲಸವೇ ಸರಿ. ಆದರೆ ಗಳೆಯೇ ಸವೆದರೆ ಗತಿಯೇನು?

ಈ ಪ್ರಶ್ನೆ ಹಳೆಯದಾದರೂ ತೀರಿದುದಲ್ಲ. ಇಂದು ಶಿಕಾರಿಪುರ, ಸೊರಬಗಳ ರೈತನು ಅಡಕೆಯನ್ನೋ ಮೆಕ್ಕೆಜೋಳವನ್ನೋ ತೂಗಿಸುವ ತ್ರಾಸನ್ನು ಅಧಿಕಾರಿಯು ಪ್ರಮಾಣಿತ ಬಟ್ಟುಗಳಿಂದ ಪರೀಕ್ಷಿಸುತ್ತಾನೆ. ಆ ಬಟ್ಟುಗಳನ್ನು ಇನ್ನೂ ನಿಖರವಾದ ಬಟ್ಟುಗಳೊಡನೆ ಹೋಲಿಸಬೇಕು. ಹೀಗೆ ಮೆಟ್ಟಿಲೇರಿದರೆ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವನ್ನು ಮುಟ್ಟುತ್ತೇವೆ. ಅಲ್ಲಿನ 57ನೆಯ ಸಂಖ್ಯೆಯ ಕಿಲೋಗ್ರಾಮಿಗೂ ಹಿಂದೆ ಒಡೆಯನೊಬ್ಬನಿದ್ದನು: ಪ್ಯಾರಿಸ್ ಬಳಿಯ ಸೆವ್ರ್‌ನಲ್ಲಿ 1889ರಿಂದ ಜಗತ್ತಿನ ಪ್ರಮಾಣವಾಗಿದ್ದ ಪ್ಲಾಟಿನಮ್-ಇರಿಡಿಯಮ್ ಉರುಳೆ. ಒಂದು ಶತಮಾನದಲ್ಲಿ ಅದಕ್ಕೂ ಅದರ ಪ್ರತಿಕೃತಿಗಳಿಗೂ ಸುಮಾರು 50 ಮೈಕ್ರೋಗ್ರಾಮ್‌ಗಳ ಅಂತರ ಬಿದ್ದಿತು. ಹಗುರವಾದುದು ಮೂಲವೋ, ಭಾರವಾದುವು ಪ್ರತಿಗಳೋ, ಹೇಳಬಲ್ಲವರಿರಲಿಲ್ಲ.

ಆದುದರಿಂದಲೇ 2019ರ ಮೇ 20ರಿಂದ ಕಿಲೋಗ್ರಾಮನ್ನು ಪ್ಲಾಂಕ್ ಸ್ಥಿರಾಂಕದ ಮೇಲೆ ನಿಲ್ಲಿಸಲಾಗಿದೆ. ಕಿಬ್ಬಲ್ ತ್ರಾಸಿನಲ್ಲಿ ವಸ್ತುವಿನ ಭಾರವನ್ನು ಕಾಂತಕ್ಷೇತ್ರದೊಳಗಿನ ತಂತಿಸುರುಳಿಯ ಬಲದಿಂದ ಸರಿದೂಗಿಸುತ್ತಾರೆ. ಅದರ ವಿದ್ಯುತ್ತನ್ನು ಅಳೆಯಲು ಎರಡು ಕ್ವಾಂಟಮ್ ಪರಿಣಾಮಗಳು ನೆರವಾಗುತ್ತವೆ. ಜೋಸೆಫ್‌ಸನ್ 1962ರಲ್ಲಿ ಮುನ್ಸೂಚಿಸಿದ ಪರಿಣಾಮದಿಂದ ವೋಲ್ಟ್ ದೊರೆಯುತ್ತದೆ. ಫಾನ್ ಕ್ಲಿಟ್ಸಿಂಗ್ 1980ರಲ್ಲಿ ಕಂಡುಹಿಡಿದ ಕ್ವಾಂಟಮ್ ಹಾಲ್ ಪರಿಣಾಮದಿಂದ ಓಮ್ ದೊರೆಯುತ್ತದೆ. ಇವು ಸವೆಯುವುವಲ್ಲ; ಸಾಧನವುಳ್ಳ ಯಾವ ದೇಶದಲ್ಲಿಯೂ ಒಂದೇ ಬೆಲೆಯನ್ನು ಕೊಡುತ್ತವೆ.

ಅಡಕೆ ತೂಗುವವನಿಗೆ ಮೈಕ್ರೋಗ್ರಾಮಿನ ಗೊಡವೆಯೇಕೆ ಎಂದು ಕೆಲವರು ಕೇಳುವುದುಂಟು. ಅವನ ಮೂಟೆಗೆ ಅದರಿಂದ ವ್ಯತ್ಯಾಸವಿಲ್ಲವೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ಔಷಧದ ಕಣತೂಕಕ್ಕೆ, ಸೂಕ್ಷ್ಮ ವಿದ್ಯುದ್ಯಂತ್ರಗಳಿಗೆ ಅದು ಬೇಕು. ಅದಕ್ಕಿಂತ ಮಿಗಿಲಾಗಿ, ಅಳತೆಯ ಮೂಲವು ಒಂದು ದೇಶದ ಪೆಟ್ಟಿಗೆಯೊಳಗೆ ಇರದಿರುವುದು ನ್ಯಾಯದ ಮಾತು.

ಆದರೂ ಒಂದು ಅಳುಕು ನಮಗಿದೆ. ಗಳೆಯನ್ನು ಹಿಡಿದು ಹೊಲವನ್ನು ಅಳೆಯುವಾಗ ಒಕ್ಕಲಿಗನು ಪಕ್ಕದಲ್ಲಿ ನಿಂತು ನೋಡಬಹುದಾಗಿತ್ತು. ಕ್ವಾಂಟಮ್ ಅಳತೆಯನ್ನು ಪರೀಕ್ಷಿಸಬಲ್ಲವರು ಕೆಲವರೇ. 2023ರಲ್ಲಿ ಭಾರತ ಸರ್ಕಾರವು 6,003.65 ಕೋಟಿ ರೂಪಾಯಿಗಳ ರಾಷ್ಟ್ರೀಯ ಕ್ವಾಂಟಮ್ ಅಭಿಯಾನಕ್ಕೆ ಒಪ್ಪಿಗೆಯಿತ್ತಿತು. ಅದರ ಸಂವೇದನೆ ಮತ್ತು ಮಾಪನದ ಕೇಂದ್ರವು ಮುಂಬಯಿಯ ಐಐಟಿಯಲ್ಲಿದೆ. ಇದು ಸ್ತುತ್ಯವೇ. ಆದರೆ ಈ ವಿದ್ಯೆಯ ಬೇರು ತಾಲ್ಲೂಕಿನ ಶಾಲೆಯಲ್ಲಿ ಇಳಿಯದಿದ್ದರೆ ಹಳೆಯ ಪೆಟ್ಟಿಗೆಯ ಬದಲು ಹೊಸದೊಂದು ಪೆಟ್ಟಿಗೆ ಬಂದಂತಾದೀತು.

ಶಿಕಾರಿಪುರ, ಸೊರಬಗಳ ಪ್ರೌಢಶಾಲೆ, ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ವಿದ್ಯಾರ್ಥಿಗಳು ಒಂದೇ ವಸ್ತುವನ್ನು ಹತ್ತು ಬಾರಿ ತೂಗಿ, ಬಂದ ಹತ್ತು ಸಂಖ್ಯೆಗಳನ್ನೂ ತಿದ್ದದೆ ಬರೆದಿಡಲಿ; ಅವು ಏಕೆ ಒಂದೇ ಆಗಿಲ್ಲವೆಂದು ಚರ್ಚಿಸಲಿ. ಪುಸ್ತಕದ ಉತ್ತರಕ್ಕೆ ಸರಿಹೊಂದಿಸಿದ ಲೆಕ್ಕಕ್ಕೆ ಅಧ್ಯಾಪಕರು ಅಂಕ ಕೊಡದಿರಲಿ. ಮಾಪನವಿಜ್ಞಾನದ ಮೊದಲ ಪಾಠವಿದು. ಇದಕ್ಕೆ ಕೋಟಿ ರೂಪಾಯಿ ಬೇಕಾಗಿಲ್ಲ.