ಉಳ್ಳಾಗಡ್ಡಿಗೆ ಬಿಲ್ಲಿಲ್ಲ, ಚಿಪ್ಸಿಗಿದೆ

ಪ್ರತಿ ತಿಂಗಳ ಮೊದಲ ವಾರ ನಮ್ಮ ಆಫೀಸಿನ ವಾಟ್ಸಾಪ್ ಗ್ರೂಪಿಗೆ ಒಂದು ಗ್ರಾಫ್ ಬಂದು ಬೀಳತ್ತೆ. ಇ-ವೇ ಬಿಲ್ ಏರಿತು, ಫಾಸ್ಟ್ಯಾಗ್ ವಸೂಲಿ ಏರಿತು, ಡೀಸೆಲ್ ಮಾರಾಟ ಏರಿತು. ಕೆಳಗೆ ಒಂದು ರಾಕೆಟ್ ಚಿತ್ರ. ಗಾಡಿ ಓಡ್ತಿವೆ ಅಂದ್ಮೇಲೆ ದೇಶ ಓಡ್ತಿದೆ ಅನ್ನೋದು ಲೆಕ್ಕ. ರಿಸರ್ವ್ ಬ್ಯಾಂಕಿನ ಬುಲೆಟಿನ್ನೂ, ಹಣಕಾಸು ಸಚಿವಾಲಯದ ಮಾಸಿಕ ವರದಿಯೂ ಈ ಅಂಕಿಗಳಲ್ಲಿ ಆರ್ಥಿಕತೆಯ ನಾಡಿ ಹಿಡೀತವೆ.

ಲೆಕ್ಕ ಪೂರ್ತಿ ಸುಳ್ಳಲ್ಲ. ಜರ್ಮನಿಯಲ್ಲಿ 2005ರಿಂದ ಭಾರಿ ಲಾರಿಗಳಿಗೆ ಕಿಲೋಮೀಟರ್ ಮೇಲೆ ಟೋಲ್ ಇದೆ. ಅವು ಓಡಿದ ದೂರವನ್ನೇ ಅಲ್ಲಿನ ಅಂಕಿಅಂಶ ಇಲಾಖೆ ಸೂಚ್ಯಂಕ ಮಾಡಿ ಪ್ರಕಟಿಸತ್ತೆ. ಕಾರ್ಖಾನೆ ಉತ್ಪಾದನೆಯ ಅಂಕಿ ಬರೋ ಮೊದಲೇ ಅದರ ಸುಳಿವು ಸಿಗತ್ತೆ. ಆದ್ರೆ ಅವರು ಅಳೆಯೋದು ನಿಜವಾಗಿ ಓಡಿದ ಕಿಲೋಮೀಟರ್. ನಮ್ಮ ಇ-ವೇ ಅಂಕಿಯಲ್ಲಿ ಎಣಿಸೋದು ಚೀಟಿ.

ಈ ಚೀಟಿ ಬಂದಿದ್ದು 2018ರ ಏಪ್ರಿಲ್ 1ಕ್ಕೆ. ಸಾಮಾನ್ಯವಾಗಿ ಸರಕಿನ ಬೆಲೆ 50,000 ರೂಪಾಯಿ ದಾಟಿದರೆ ಬೇಕು. ಅದರಲ್ಲಿ ದೂರದ ಕಾಲಂ ಕೂಡ ಇದೆ, ಆದ್ರೆ ಅದು ಪಿನ್ ಕೋಡಿನಿಂದ ಪಿನ್ ಕೋಡಿಗೆ ಸಿಸ್ಟಮ್ಮೇ ಹಾಕೋ ಅಂದಾಜು. ತೆರಿಗೆಯಿಲ್ಲದ ತಾಜಾ ಉಳ್ಳಾಗಡ್ಡಿಗೆ ಚೀಟಿ ಬೇಡ. ಚಕ್ಕಡಿಯಲ್ಲಿ ಹೋದ ಮಾಲಿಗೂ ಬೇಡ. ಮೋಟಾರಿಲ್ಲದ ಗಾಡಿಗೆ ನಿಯಮದಲ್ಲೇ ವಿನಾಯಿತಿ ಇದೆ. ಫಾಸ್ಟ್ಯಾಗ್ ಓದೋದು ಟೋಲ್ ಗೇಟ್ ದಾಟಿದವರನ್ನ ಮಾತ್ರ. ಲಕ್ಷ್ಮೇಶ್ವರದಿಂದ ಶಿರಹಟ್ಟಿಗೆ ಹೋಗೋ ಟಂಟಂ ಯಾವ ಗೇಟ್ ದಾಟಬೇಕು ಹೇಳ್ರಿ?

ನಮ್ಮ ಕಡೆಯ ಉಳ್ಳಾಗಡ್ಡಿ ಲಾರಿ ರಾತ್ರಿ ಹೊರಟು ಯಶವಂತಪುರ ಮಾರ್ಕೆಟ್ ಮುಟ್ಟತ್ತೆ. ಚೀಟಿ ಇಲ್ಲ. ಅದೇ ಲಾರಿ ವಾಪಸ್ ಬರುವಾಗ ಚಿಪ್ಸು, ಸೋಪು ತುಂಬಿಕೊಂಡ್ರೆ ಚೀಟಿ ಇದೆ. ಅಂದ್ರೆ ಗ್ರಾಫಿನಲ್ಲಿ ನಮ್ಮೂರು ತಿನ್ನೋ ಊರು, ಬೆಳೆಯೋ ಊರಲ್ಲ. (ಹತ್ತಿಗೆ ತೆರಿಗೆ ಇದೆ, ಅದು ಕಾಣತ್ತೆ ಅನ್ನಿ.)

ಗೇಟ್ ದಾಟಿದ್ರೂ ಏನು ಗೊತ್ತಾಗತ್ತೆ? 2022ರ ಕೊನೆಗೆ ಗದಗ ಜಿಲ್ಲೆಯ ರೈತರೊಬ್ಬರ ರಸೀದಿ ನಿಮ್ಮ ಫೋನಿಗೂ ಬಂದಿರತ್ತೆ. ಯಶವಂತಪುರದಲ್ಲಿ 205 ಕೆಜಿ ಉಳ್ಳಾಗಡ್ಡಿ, ಕ್ವಿಂಟಾಲಿಗೆ 200 ರೂಪಾಯಿಯಂತೆ 410. ಬಾಡಿಗೆ 377 ರೂಪಾಯಿ 64 ಪೈಸೆ, ಹಮಾಲಿ 24. ಕೈಗೆ ಬಂದಿದ್ದು 8 ರೂಪಾಯಿ 36 ಪೈಸೆ. ಆ ಲಾರಿ ಓಡಿದ್ದು ನಾನೂರು ಕಿಲೋಮೀಟರ್ ಹತ್ತಿರ. ಡೀಸೆಲ್ ಉರೀತು, ಟೋಲ್ ಕಟ್ತು, ಗ್ರಾಫ್ ಏರ್ತು. ದರ ಐವತ್ತು ರೂಪಾಯಿ ಇದ್ದಾಗಲೂ ಅದು ಇಷ್ಟೇ ಓಡತ್ತೆ, ಗ್ರಾಫೂ ಇಷ್ಟೇ ಏರತ್ತೆ. ಇದನ್ನ ನಾಡಿ ಅಂತ ಹೇಗೆ ಕರೀಲಿ?

ಬಸ್ಸಿಗೆ ಬರೋಣ. ನಮ್ಮ ಸಾರಿಗೆ ನಿಗಮಗಳು ರೂಟನ್ನ ತೂಗೋದು ಕಿಲೋಮೀಟರಿಗೆ ಎಷ್ಟು ಆದಾಯ ಅನ್ನೋದರಿಂದ, ಇಪಿಕೆಎಂ ಅಂತಾರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ಬಸ್ ಓಡೋ ದೂರ ಅದೇ, ಆದ್ರೆ ಒಳಗೆ ನಿಲ್ಲೋಕೂ ಜಾಗ ಇಲ್ಲ; ಸಂತೆಗೆ, ದವಾಖಾನೆಗೆ, ಕೂಲಿಗೆ ಹೊರಟ ಹೆಣ್ಮಕ್ಕಳು. ಇಷ್ಟು ದೊಡ್ಡ ಬದಲಾವಣೆ ಕಿಲೋಮೀಟರಿನ ಕಾಲಂನಲ್ಲಿ ಕಾಣಲಿಲ್ಲ. ಇನ್ನೊಂದು ಕಡೆ, ಬೆಳಿಗ್ಗೆ ಕಾಲೇಜಿಗೆ ಹೋಗೋ ಆರೇಳು ಹುಡುಗ್ರಿರೋ ಹಳ್ಳಿಯ ಟ್ರಿಪ್ಪು ಇಪಿಕೆಎಂನಲ್ಲಿ ಫೇಲು. ಅದನ್ನ ಕತ್ತರಿಸಿದ್ರೆ ಆ ರಸ್ತೆಯಲ್ಲಿ ಓಡಾಟ ಇನ್ನೂ ಕಮ್ಮಿ. ಓಡಾಟ ಇಲ್ಲ, ಹಾಗಾಗಿ ಬಸ್ ಬೇಡ. ಬಸ್ ಇಲ್ಲ, ಹಾಗಾಗಿ ಓಡಾಟ ಇಲ್ಲ. ಇಂಥ ಲೂಪ್ ಕೋಡಿನಲ್ಲಿ ಬರೆದ್ರೆ ರಿವ್ಯೂನಲ್ಲಿ ಬೈಸ್ಕೋತೀವಿ. ಗದಗದಿಂದ ಲಕ್ಷ್ಮೇಶ್ವರ ಮೇಲೆ ಯಲವಿಗಿಗೆ ರೈಲು ಬೇಕು ಅಂತ ಕೇಳಿದಾಗಲೂ ಮೊದಲು ಬರೋ ಪ್ರಶ್ನೆ, ಟ್ರಾಫಿಕ್ ಎಷ್ಟಿದೆ?

"ಪ್ರತಿ ಪ್ರಾಕ್ಸಿಯಲ್ಲೂ ಸ್ವಲ್ಪ ಎರರ್ ಇರತ್ತೆ ಗುರೂ" ಅಂತಾರೆ ಗ್ರಾಫ್ ಕಳಿಸೋ ಗೆಳೆಯರು. ಇರಲಿ. ಎರರ್ ಎಲ್ಲ ಕಡೆ ಸಮ ಬಿದ್ದಿದ್ರೆ ಸರಾಸರಿಯಲ್ಲಿ ಹೋಗತ್ತೆ. ಇದು ಪ್ರತಿ ಸಲ ನಮ್ಮ ಕಡೆನೇ ಬೀಳತ್ತೆ. ಅದಕ್ಕೆ ಎರರ್ ಅನ್ನಲ್ಲ, ಬಯಾಸ್ ಅಂತೀವಿ, ನೀವೇ ದಿನಾ ಬಳಸೋ ಪದ.

ಡೇಟಾ ಇಲ್ಲ ಅನ್ನಬೇಡಿ. ಯಾರು ಎಲ್ಲಿ ಹತ್ತಿ ಎಲ್ಲಿಗೆ ಟಿಕೆಟ್ ತಗೊಂಡ್ರು ಅನ್ನೋದು ಕಂಡಕ್ಟರ್ ಮಶೀನಿನಲ್ಲಿದೆ, ಹೆಣ್ಮಕ್ಕಳ ಶೂನ್ಯ ಟಿಕೆಟ್ ಸಮೇತ. ಎಷ್ಟು ಕ್ವಿಂಟಾಲ್ ಆವಕ, ಏನು ದರ ಅನ್ನೋದು ಎಪಿಎಂಸಿಯಲ್ಲಿ ದಿನಾ ದಾಖಲಾಗತ್ತೆ. ಎರಡು ಟೇಬಲ್ಲೂ ಸರ್ಕಾರದ ಹತ್ರಾನೇ ಇವೆ. ತಾಲೂಕುವಾರು ಜೋಡಿಸಿ ತಿಂಗಳಿಗೊಮ್ಮೆ ಹೊರಗೆ ಹಾಕಲಿ. ಗ್ರಾಫ್ ಬಿಡಿಸೋ ಕೆಲಸ ನಾನು ಪುಕ್ಕಟೆ ಮಾಡ್ತೀನಿ, ರಾಕೆಟ್ ಇಲ್ಲದೆ.