ಮೊದಲು ಎಸ್‌ಎಂಪಿಎಸ್, ಆಮೇಲೆ ದೀಪಾಲಂಕಾರ

ಪರೀಕ್ಷೆ ಮುಗಿದು ರಜೆ ಶುರುವಾಗುತ್ತಿದ್ದಂತೆ ಹಾಸ್ಟೆಲಿನಲ್ಲಿ ಕೇಳಿಬರುವ ಪ್ರಶ್ನೆ ಒಂದೇ: ‘ಮಗಾ, ಐವತ್ತು ಸಾವಿರಕ್ಕೆ ಒಳ್ಳೆ ಗೇಮಿಂಗ್ ಪಿಸಿ ಬರುತ್ತಾ?’ ಬರುತ್ತೆ. ಆದರೆ ಆ ದುಡ್ಡನ್ನು ಯಾವ ಭಾಗಕ್ಕೆ ಎಷ್ಟು ಹಾಕಬೇಕು ಅನ್ನೋದರಲ್ಲಿ ನಮ್ಮಲ್ಲಿ ಬಹಳ ಜನ ಎಡವುತ್ತೇವೆ. ನಾವೂ ಎಡವಿದ್ದೇವೆ, ಅದಕ್ಕೇ ಈ ಬರಹ.

ಕಳೆದ ವರ್ಷ ರೂಮಿನ ಮೂವರು ಸೇರಿ ದುಡ್ಡು ಹಾಕಿದೆವು. ಒಬ್ಬನದು ಇಂಟರ್ನ್‌ಶಿಪ್ ಸ್ಟೈಪೆಂಡು, ಇನ್ನೊಬ್ಬನದು ಸ್ಕಾಲರ್‌ಶಿಪ್ಪಿನಲ್ಲಿ ಉಳಿಸಿದ್ದು, ಮತ್ತೊಬ್ಬನಿಗೆ ಅಡಿಕೆ ಮಾರಿ ಅಪ್ಪ ಕೊಟ್ಟಿದ್ದು. ಎಸ್.ಪಿ. ರೋಡಿನಲ್ಲಿ ಬೆಳಿಗ್ಗೆಯಿಂದ ಅಂಗಡಿ ಅಂಗಡಿ ಸುತ್ತಿ ರೈಜೆನ್ 5 5600 ಪ್ರೊಸೆಸರ್ ಕೊಂಡೆವು. ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡನ್ನು ಅರ್ಧ ಗಂಟೆ ಓಡಿಸಿ ನೋಡಿ ತಗೊಂಡೆವು. ಅಲ್ಲಿವರೆಗೆ ಎಲ್ಲ ಸರಿಯಾಗೇ ಇತ್ತು. ಕೊನೆಗೆ ಒಂದು ಅಂಗಡಿಯಲ್ಲಿ ಗಾಜಿನ ಬಾಗಿಲಿನ, ಬಣ್ಣಬಣ್ಣದ ಫ್ಯಾನುಗಳ ಕ್ಯಾಬಿನೆಟ್ ಕಂಡಿತು. ಬೆಲೆ ಆರು ಸಾವಿರ. ‘ಜೊತೆಗೆ 450 ವ್ಯಾಟಿನ ಎಸ್‌ಎಂಪಿಎಸ್ ಫ್ರೀ’ ಅಂದರು. ನಾವು ಅಲ್ಲೇ ಬಿದ್ದೆವು.

ಮೊದಲ ತಿಂಗಳು ಚೆನ್ನಾಗೇ ಓಡಿತು. ಆಮೇಲೆ ದೊಡ್ಡ ಗೇಮ್ ಹಾಕಿದಾಗಲೆಲ್ಲ ಪಟ್ಟಂತ ಆಫ್ ಆಗತೊಡಗಿತು. ವಿಂಡೋಸ್ ಮತ್ತೆ ಹಾಕಿದೆವು, ಡ್ರೈವರ್ ಬದಲಿಸಿದೆವು, ರ‍್ಯಾಮ್ ಒರೆಸಿ ಕೂರಿಸಿದೆವು. ಒಂದು ರಾತ್ರಿ ಸುಟ್ಟ ವಾಸನೆ ಬಂತು. ಎಸ್‌ಎಂಪಿಎಸ್ ಹೋಗಿತ್ತು, ಹೋಗುವಾಗ ಮದರ್‌ಬೋರ್ಡನ್ನೂ ಕರ್ಕೊಂಡು ಹೋಗಿತ್ತು. ‘ಸುಟ್ಟಿದ್ದಕ್ಕೆ ವಾರಂಟಿ ಇಲ್ಲ’ ಅಂದರು. ಪ್ರಾಜೆಕ್ಟ್ ಕೆಲಸವೂ ಅದರಲ್ಲೇ ನಡೀತಿತ್ತು. ಎರಡು ವಾರ ಪಕ್ಕದ ರೂಮಿನವರ ಲ್ಯಾಪ್‌ಟಾಪಿಗೆ ಕೈ ಒಡ್ಡಬೇಕಾಯಿತು. ಅಡಿಕೆ ದುಡ್ಡು ಕೊಟ್ಟ ಅಪ್ಪನಿಗೆ ಏನು ಹೇಳೋದು ಅನ್ನೋದು ಇನ್ನೂ ದೊಡ್ಡ ತಲೆನೋವು.

ಆಮೇಲೆ ಆ ಡಬ್ಬದ ಮೇಲಿನ ಲೇಬಲ್ ಓದಿದೆವು. ದೊಡ್ಡ ಅಕ್ಷರದಲ್ಲಿ 450 ವ್ಯಾಟ್ ಅಂತಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ, 12 ವೋಲ್ಟ್ ಸಾಲಿನಲ್ಲಿ 18 ಆಂಪಿಯರ್ ಅಂತಿದೆ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಮುಖ್ಯವಾಗಿ ವಿದ್ಯುತ್ ಎಳೆಯುವುದು ಈ 12 ವೋಲ್ಟಿನಿಂದಲೇ. 12ನ್ನು 18ರಿಂದ ಗುಣಿಸಿದರೆ 216 ವ್ಯಾಟ್, ಅಷ್ಟೇ! ನಮ್ಮ ಕಾರ್ಡಿಗೇ 132 ವ್ಯಾಟ್ ಬೇಕು. ಪ್ರೊಸೆಸರಿನ ಲೆಕ್ಕ 65, ಲೋಡ್ ಬಿದ್ದರೆ ಇನ್ನೂ ಸ್ವಲ್ಪ ಮೇಲೆ. ಬೋರ್ಡು, ಫ್ಯಾನುಗಳು ಸೇರಿದರೆ ಮಿತಿ ಮುಗಿದೇ ಹೋಯಿತು. ವೋಲ್ಟೇಜನ್ನು ಕರೆಂಟಿನಿಂದ ಗುಣಿಸಿದರೆ ಪವರ್ ಅನ್ನೋದನ್ನು ಮೊದಲ ಸೆಮಿಸ್ಟರಿನಲ್ಲೇ ಬರೆದು ಪಾಸಾದವರು ನಾವು. ಅಂಗಡಿಯಲ್ಲಿ ನಿಂತಾಗ ಆ ಒಂದು ಗುಣಾಕಾರ ಮಾಡಲಿಲ್ಲ.

ಆದ್ದರಿಂದ ನಮ್ಮ ಮಾತು ಇಷ್ಟು: ಬಜೆಟ್ ಕಡಿಮೆ ಇದ್ದಷ್ಟೂ ಎಸ್‌ಎಂಪಿಎಸ್ ಒಳ್ಳೆಯದಿರಬೇಕು. ಲಕ್ಷಗಟ್ಟಲೆ ಸುರಿಯುವವರು ಬೋರ್ಡ್ ಸುಟ್ಟರೆ ಇನ್ನೊಂದು ತರುತ್ತಾರೆ. ನಮಗೆ ಎರಡನೇ ಚಾನ್ಸ್ ಇಲ್ಲ. ‘80 ಪ್ಲಸ್’ ಗುರುತು ನೋಡಿ, ಆದರೆ ಅದೊಂದನ್ನೇ ನಂಬಬೇಡಿ. ಅದು ಹೇಳುವುದು ದಕ್ಷತೆಯನ್ನು ಮಾತ್ರ. ವೋಲ್ಟೇಜ್ ಏರಿದಾಗ, ಶಾರ್ಟ್ ಆದಾಗ ತಾನೇ ಆಫ್ ಆಗುವ ರಕ್ಷಣೆ ಇದೆಯಾ, ವಾರಂಟಿ ಎಷ್ಟು ವರ್ಷ ಅಂತ ಕೇಳಿ.

‘ಅದಕ್ಕೆ ದುಡ್ಡು ಹಾಕಿದ್ರೆ ಒಂದು ಫ್ರೇಮೂ ಜಾಸ್ತಿ ಆಗಲ್ಲ’ ಅನ್ನುವವರಿದ್ದಾರೆ. ನಿಜ, ಆಗಲ್ಲ. ಹಾಗಂತ ಗ್ರಾಫಿಕ್ಸ್ ಕಾರ್ಡಿನ ದುಡ್ಡು ಕಿತ್ತು ಇದಕ್ಕೆ ಹಾಕಿ ಅಂತಲೂ ನಾವು ಹೇಳುತ್ತಿಲ್ಲ. ಕಡಿತ ಮಾಡಲು ಬೇರೆ ಜಾಗಗಳಿವೆ. ನಾವು ಕ್ಯಾಬಿನೆಟ್ಟಿಗೆ ಕೊಟ್ಟ ಆರು ಸಾವಿರದಲ್ಲೇ ಎರಡೂವರೆ ಸಾವಿರದ ಸಾದಾ ಕ್ಯಾಬಿನೆಟ್ಟು, ಮೂರೂವರೆ ಸಾವಿರದ ಒಳ್ಳೆ ಎಸ್‌ಎಂಪಿಎಸ್ ಎರಡೂ ಬರುತ್ತಿದ್ದವು. 5600ರ ಬಾಕ್ಸಿನಲ್ಲೇ ಕೂಲರ್ ಬರುತ್ತೆ, ಲಿಕ್ವಿಡ್ ಕೂಲಿಂಗ್ ಯಾಕೆ? ಮಾನಿಟರ್ 60 ಹರ್ಟ್ಸ್‌ದಾದರೆ ಅದು ತೋರಿಸುವುದು ಸೆಕೆಂಡಿಗೆ 60 ಚಿತ್ರ, 140 ಫ್ರೇಮ್ ಕೊಡುವ ಕಾರ್ಡಿಗೆ ಸಾಲ ಮಾಡೋದು ಬೇಕಾ? ಮೊದಲು ನೀವು ಆಡುವ ಗೇಮು ಯಾವುದು, ನಿಮ್ಮ ಪರದೆ ಯಾವುದು ನೋಡಿ, ಆಮೇಲೆ ಕಾರ್ಡ್ ಆರಿಸಿ. ರ‍್ಯಾಮ್ ಮಾತ್ರ 16 ಜಿಬಿಯ ಒಂದರ ಬದಲು 8ರ ಎರಡು ಹಾಕಿ. ಎರಡು ಚಾನೆಲ್ ಸಿಕ್ಕಿ ವೇಗ ಹೆಚ್ಚುತ್ತದೆ.

ಬಣ್ಣದ ದೀಪ ಬೇಡ ಅಂತಲ್ಲ. ಖುಷಿಗೆ ತಾನೇ ಗೇಮಿಂಗ್ ಪಿಸಿ? ಆದರೆ ದೀಪದ ಪಟ್ಟಿಯನ್ನು ಮುಂದಿನ ತಿಂಗಳೂ ಅಂಟಿಸಬಹುದು, ಸುಟ್ಟ ಬೋರ್ಡನ್ನು ಯಾವ ತಿಂಗಳೂ ಅಂಟಿಸೋಕಾಗಲ್ಲ. ಒಳ್ಳೆ ಎಸ್‌ಎಂಪಿಎಸ್ ಆದರೆ ಈ ಪಿಸಿ ಹಳೆಯದಾದ ಮೇಲೆ ಮುಂದಿನದಕ್ಕೂ ಬರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಚಾಚುವ ಮೊದಲು ಮಂಚ ಗಟ್ಟಿ ಇದೆಯಾ ಅಂತಲೂ ನೋಡಿಕೊಳ್ಳಬೇಕು.

ಆ ಸುಟ್ಟ ಎಸ್‌ಎಂಪಿಎಸ್ ಇನ್ನೂ ನಮ್ಮ ರೂಮಿನಲ್ಲಿದೆ, ಎಸೆದಿಲ್ಲ. ಎಸ್.ಪಿ. ರೋಡಿಗೆ ಹೊರಡುವ ಮೊದಲು ಬಂದು ಲೇಬಲ್ ಓದಿಕೊಂಡು ಹೋಗಿ. ಸಲಹೆ ಫ್ರೀ, ಕಾಫಿ ಮಾತ್ರ ನಿಮ್ಮದು.