ಕ್ಯಾಶ್‌ಬ್ಯಾಕ್ ಎಂಬ ಕಾಣದ ಸಾಲ: ನಾಶಿಕ್, ಸಂಭಾಜಿನಗರದ ಎಲೆಕ್ಟ್ರಾನಿಕ್ಸ್ ಗ್ರಾಹಕರ ಕೈಗೆ ರಿಯಾಯಿತಿ ಸಿಗುವುದು ಯಾವಾಗ?

ಮಹಾರಾಷ್ಟ್ರದಲ್ಲಿ ಹೊಸ ವಸ್ತು ಮನೆಗೆ ತರಲು ಪಂಚಾಂಗ ನೋಡಬೇಕಿಲ್ಲದ ದಿನಗಳನ್ನು 'ಸಾಡೇತೀನ್ ಮುಹೂರ್ತ' ಎನ್ನುತ್ತಾರೆ. ಯುಗಾದಿ ಅಂದರೆ ಗುಡಿ ಪಾಡ್ವಾ, ಅಕ್ಷಯ ತೃತೀಯ, ವಿಜಯದಶಮಿ ಎಂಬ ಮೂರು ಪೂರ್ಣ ಮುಹೂರ್ತಗಳು. ಬಲಿಪಾಡ್ಯಮಿ ಅರ್ಧ ಮುಹೂರ್ತ. ಈ ದಿನಗಳು ಹತ್ತಿರವಾದಂತೆ ನಾಶಿಕ್‌ನ ಎಂ.ಜಿ. ರಸ್ತೆಯಲ್ಲೂ ಛತ್ರಪತಿ ಸಂಭಾಜಿನಗರದ ಪೈಠಣ್ ಗೇಟ್ ಸುತ್ತಲೂ ಮೊಬೈಲ್, ಟಿವಿ ಅಂಗಡಿಗಳ ಮುಂದೆ ಫಲಕಗಳು ಏಳುತ್ತವೆ. ಫಲಕದಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ವಸ್ತುವಿನ ಬೆಲೆಯಲ್ಲ, ಕ್ಯಾಶ್‌ಬ್ಯಾಕ್‌ನ ಮೊತ್ತ.

ಗ್ರಾಹಕ ಕೌಂಟರ್‌ನಲ್ಲಿ ಕಟ್ಟುವುದು ಮಾತ್ರ ಪೂರ್ತಿ ಹಣ. ಬಿಲ್‌ನಲ್ಲಿ ₹40,000 ಎಂದಿರುತ್ತದೆ, ₹4,000 'ಆಮೇಲೆ ಬರುತ್ತದೆ' ಎಂಬ ಮಾತು ಬಾಯಲ್ಲಿರುತ್ತದೆ. ಆ ಮಾತಿಗೆ ಜವಾಬ್ದಾರರು ಯಾರು ಎಂಬುದೇ ಈಗಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಲ್ಲಿ ಉತ್ತರ ಸಿಗದ ಪ್ರಶ್ನೆ.

ಒಂದು ರಿಯಾಯಿತಿ, ನಾಲ್ಕು ಬಾಗಿಲು

ಅಂಗಡಿಯವರು ಬಿಲ್‌ನಲ್ಲೇ ಹಣ ಕಡಿತ ಮಾಡಿದರೆ ಲೆಕ್ಕ ಅಲ್ಲಿಗೆ ಮುಗಿಯುತ್ತದೆ. ಕ್ಯಾಶ್‌ಬ್ಯಾಕ್‌ನ ದಾರಿ ಬೇರೆ. ಕೆಲವು ಯೋಜನೆಗಳಲ್ಲಿ ಹಣ ಕೊಡಬೇಕಾದದ್ದು ವಸ್ತು ತಯಾರಿಸಿದ ಕಂಪನಿ, ಕೆಲವಲ್ಲಿ ಕ್ರೆಡಿಟ್ ಕಾರ್ಡ್ ನೀಡಿದ ಬ್ಯಾಂಕ್, ಇನ್ನು ಕೆಲವಲ್ಲಿ ಸಾಲ ಕೊಟ್ಟ ಹಣಕಾಸು ಸಂಸ್ಥೆ ಅಥವಾ ಪಾವತಿ ಆ್ಯಪ್. ಅಂಗಡಿಯವರು ಇವರೆಲ್ಲರ ಪರವಾಗಿ ಭರವಸೆ ಕೊಡುತ್ತಾರೆ, ಆದರೆ ಹಣ ಅವರ ಕೈಯಲ್ಲಿ ಇರುವುದಿಲ್ಲ.

ಷರತ್ತುಗಳೂ ಹೀಗೆಯೇ ಹಂಚಿಹೋಗಿರುತ್ತವೆ. ನಿಗದಿತ ದಿನಗಳೊಳಗೆ ಬಿಲ್‌ನ ಫೋಟೊ ಮತ್ತು ಸೀರಿಯಲ್ ನಂಬರನ್ನು ಕಂಪನಿಯ ತಾಣಕ್ಕೆ ಹಾಕಬೇಕು. ಇಂತಿಷ್ಟು ತಿಂಗಳ ಇಎಂಐ ಆಯ್ಕೆ ಮಾಡಿರಬೇಕು, ಒಂದು ಕಂತೂ ತಪ್ಪಿರಬಾರದು. ಒಂದು ಕಾರ್ಡ್‌ಗೆ ಒಂದೇ ಬಾರಿ. ಮೂರು ತಿಂಗಳ ನಂತರ ಜಮೆ. ಇಷ್ಟೆಲ್ಲ ಪಾಲಿಸಿದ ಮೇಲೂ ಹಣ ಬಾರದಿದ್ದರೆ ಅಂಗಡಿ ಬ್ಯಾಂಕಿನತ್ತ, ಬ್ಯಾಂಕ್ ಕಂಪನಿಯತ್ತ, ಕಂಪನಿ ಮತ್ತೆ ಅಂಗಡಿಯತ್ತ ಬೆರಳು ತೋರಿಸುವುದಕ್ಕೆ ದಾರಿ ತೆರೆದೇ ಇರುತ್ತದೆ.

ಈ ಎರಡು ನಗರಗಳ ಸ್ಥಿತಿ ಮುಂಬೈ, ಪುಣೆಗಿಂತ ಭಿನ್ನ. ಇಲ್ಲಿನ ದೊಡ್ಡ ಅಂಗಡಿಗಳಿಗೆ ಸುತ್ತಲಿನ ತಾಲೂಕುಗಳೂ ಗ್ರಾಹಕರೇ. ಲಾಸಲ್‌ಗಾಂವ್ ಮಾರುಕಟ್ಟೆಗೆ ಈರುಳ್ಳಿ ಹಾಕಿದ ರೈತ ನಾಶಿಕ್‌ಗೆ ಬರುತ್ತಾನೆ. ಸಿಲ್ಲೋಡ್, ವೈಜಾಪುರ, ಸುಮಾರು 60 ಕಿ.ಮೀ. ದೂರದ ಕನ್ನಡ್ ತಾಲೂಕಿನವರು ಸಂಭಾಜಿನಗರಕ್ಕೆ ಬರುತ್ತಾರೆ. ₹2,000 ಕ್ಯಾಶ್‌ಬ್ಯಾಕ್ ಕೇಳಲು ಎರಡು ಬಾರಿ ನಗರಕ್ಕೆ ಬಂದುಹೋದರೆ ಬಸ್ ಚಾರ್ಜು, ಊಟ, ತಪ್ಪಿದ ಎರಡು ದಿನದ ಕೂಲಿ ಸೇರಿ ಉಳಿಯುವುದು ಅಷ್ಟರಲ್ಲೇ ಇದೆ. ಸಾತ್ಪುರ, ಅಂಬಡ್, ವಾಳೂಜ್ ಕೈಗಾರಿಕಾ ಪ್ರದೇಶಗಳ ಪಾಳಿ ಕಾರ್ಮಿಕರಿಗೂ ಲೆಕ್ಕ ಇದೇ.

ಟಿವಿ ತಯಾರಿಸಿದ ಊರು

ಸಂಭಾಜಿನಗರಕ್ಕೆ ಈ ಮಾರುಕಟ್ಟೆ ಹೊಸದಲ್ಲ. ಊರಿಗೆ ಔರಂಗಾಬಾದ್ ಎಂಬ ಹೆಸರಿದ್ದ ಕಾಲದಲ್ಲೇ ಪೈಠಣ್ ರಸ್ತೆಯ ಚಿತೆಗಾಂವ್‌ನಲ್ಲಿ ಧೂತ್ ಕುಟುಂಬದ ವಿಡಿಯೋಕಾನ್ ನೆಲೆಯೂರಿತ್ತು. ದೇಶದ ಮನೆಮನೆಗೆ ಬಣ್ಣದ ಟಿವಿ ಮುಟ್ಟಿಸಿದ ಕಂಪನಿಗಳಲ್ಲಿ ಅದೂ ಒಂದು. 2018ರ ಜೂನ್‌ನಲ್ಲಿ ಅದು ದಿವಾಳಿ ಪ್ರಕ್ರಿಯೆಗೆ ಒಳಗಾಯಿತು.

ವಿಡಿಯೋಕಾನ್ ಉಚ್ಛ್ರಾಯದಲ್ಲಿದ್ದ 1990ರ ದಶಕದಲ್ಲೇ ಭಾರತದ ಗ್ರಾಹಕರಿಗೆ ಎಕ್ಸ್‌ಚೇಂಜ್ ಆಫರ್‌ನ ರುಚಿ ಹತ್ತಿದ್ದು. ಅಕಾಯ್ ಟಿವಿಯನ್ನು ಇಲ್ಲಿ ಮಾರುತ್ತಿದ್ದ ಬ್ಯಾರನ್ ಇಂಟರ್‌ನ್ಯಾಷನಲ್ ಹಳೆಯ ಟಿವಿ ತಂದುಕೊಟ್ಟವರಿಗೆ ಹೊಸದರ ಬೆಲೆ ಇಳಿಸಿತು, ಉಳಿದ ಕಂಪನಿಗಳು ಅದೇ ಹಾದಿ ಹಿಡಿದವು. ಆ ವ್ಯಾಪಾರದಲ್ಲಿ ಒಂದು ಸರಳತೆ ಇತ್ತು. ಹಳೆಯ ಡಬ್ಬ ಕೊಟ್ಟ ಕ್ಷಣವೇ ಬೆಲೆ ಇಳಿಯುತ್ತಿತ್ತು, ಯಾರೂ ಯಾರಿಗೂ ಬಾಕಿ ಉಳಿಯುತ್ತಿರಲಿಲ್ಲ. ಇಂದಿನ ಕ್ಯಾಶ್‌ಬ್ಯಾಕ್‌ನಲ್ಲಿ ಇಲ್ಲದಿರುವುದು ಇದೇ. ಗ್ರಾಹಕ ಕಂಪನಿಗೆ ಬಡ್ಡಿಯಿಲ್ಲದೆ ಮೂರು ತಿಂಗಳ ಸಾಲ ಕೊಡುತ್ತಾನೆ, ವಸೂಲಿಯ ಕೆಲಸವೂ ಅವನದೇ.

ಅಮೆರಿಕ ಕಲಿತ ಪಾಠ

ಅಮೆರಿಕದಲ್ಲಿ ಇದರ ಹಳೆಯ ರೂಪ ಅಂಚೆ ರಿಬೇಟ್. ಕಂಪ್ಯೂಟರ್ ಅಥವಾ ಪ್ರಿಂಟರ್ ಕೊಂಡವರು ಡಬ್ಬದ ಮೇಲಿನ ಬಾರ್‌ಕೋಡ್ ಕತ್ತರಿಸಿ, ರಸೀದಿ ಮತ್ತು ಅರ್ಜಿಯ ಜೊತೆ ಅಂಚೆಗೆ ಹಾಕಿ, ಚೆಕ್‌ಗಾಗಿ ವಾರಗಟ್ಟಲೆ ಕಾಯಬೇಕಿತ್ತು. ಇಡೀ ವ್ಯವಸ್ಥೆ ನಿಂತಿದ್ದೇ ಒಂದಷ್ಟು ಜನ ಮರೆಯುತ್ತಾರೆ, ಒಂದಷ್ಟು ಜನರ ಅರ್ಜಿ ತಪ್ಪಾಗುತ್ತದೆ, ಇನ್ನೊಂದಷ್ಟು ಜನ ಬೇಸತ್ತು ಬಿಡುತ್ತಾರೆ ಎಂಬ ಲೆಕ್ಕದ ಮೇಲೆ. ಎಲ್ಲರೂ ತಪ್ಪದೆ ಹಣ ಪಡೆದರೆ ಅಷ್ಟು ದೊಡ್ಡ ರಿಬೇಟ್ ಕೊಡುವುದು ಕಂಪನಿಗೆ ಕಷ್ಟವಾಗುತ್ತಿತ್ತು.

ಬೆಲೆಯಷ್ಟೂ ಹಣವನ್ನು ರಿಬೇಟ್ ಆಗಿ ವಾಪಸ್ ಕೊಡುವುದಾಗಿ ಹೇಳಿದ ಸೈಬರ್‌ರಿಬೇಟ್ ಎಂಬ ಆನ್‌ಲೈನ್ ಕಂಪನಿ 2001ರಲ್ಲಿ ದಿವಾಳಿಯಾಯಿತು. 2005ರ ಮಾರ್ಚ್‌ನಲ್ಲಿ ಕಂಪ್‌ಯುಎಸ್‌ಎ ಎಂಬ ಮಳಿಗೆ ಸರಣಿ, ತಯಾರಕ ಕಂಪನಿ ಕೊಡದ ರಿಬೇಟ್ ಕುರಿತ ಪ್ರಕರಣದಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಜೊತೆ ರಾಜಿಗೆ ಬರಬೇಕಾಯಿತು. ತಯಾರಕರು ಹಣ ಕೊಡುತ್ತಿಲ್ಲ ಎಂದು ಗೊತ್ತಿದ್ದೂ ಮಳಿಗೆ ಆ ಭರವಸೆಯನ್ನು ಜಾಹೀರಾತಿನಲ್ಲಿ ಮುಂದುವರಿಸಿತ್ತು ಎಂಬುದು ಆರೋಪದ ತಿರುಳು. ಅದೇ ವರ್ಷ ಬೆಸ್ಟ್ ಬೈ ಎರಡು ವರ್ಷಗಳೊಳಗೆ ಅಂಚೆ ರಿಬೇಟ್ ನಿಲ್ಲಿಸುವುದಾಗಿ ಘೋಷಿಸಿತು. ಗ್ರಾಹಕರ ಸಿಟ್ಟು ಮಳಿಗೆಯ ಹೆಸರನ್ನೇ ಕೆಡಿಸುತ್ತಿದೆ ಎಂಬುದು ಆ ಹೊತ್ತಿಗೆ ಮನವರಿಕೆಯಾಗಿತ್ತು.

ಭಾರತದಲ್ಲಿ ಬಾರ್‌ಕೋಡ್ ಕತ್ತರಿಸಬೇಕಿಲ್ಲ, ಅಂಚೆ ಚೀಟಿ ಬೇಕಿಲ್ಲ. ಕಾಗದದ ಜಾಗಕ್ಕೆ ಆ್ಯಪ್ ಬಂದಿದೆ, ಮರೆವಿನ ಲೆಕ್ಕಾಚಾರ ಹಾಗೆಯೇ ಉಳಿದಿದೆ.

'ನೋ ಕಾಸ್ಟ್'ಗೂ ಒಂದು ಕಾಸ್ಟ್

ಕ್ಯಾಶ್‌ಬ್ಯಾಕ್ ಜೊತೆಗೇ ಬರುವ ಇನ್ನೊಂದು ಆಕರ್ಷಣೆ 'ನೋ ಕಾಸ್ಟ್ ಇಎಂಐ'. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್ 17ರ ಸುತ್ತೋಲೆಯಲ್ಲೇ ಹೇಳಿತ್ತು. ಬಡ್ಡಿಯನ್ನು ಸಂಸ್ಕರಣಾ ಶುಲ್ಕದ ಹೆಸರಿನಲ್ಲಿ ಮರೆಮಾಚಲಾಗುತ್ತಿದೆ ಎಂಬುದು ಅದರ ಆಕ್ಷೇಪ. 2022ರ ಕ್ರೆಡಿಟ್ ಕಾರ್ಡ್ ನಿರ್ದೇಶನಗಳು ಇನ್ನೂ ಸ್ಪಷ್ಟ: ಅಸಲು ಎಷ್ಟು, ಬಡ್ಡಿ ಎಷ್ಟು, ಆ ಬಡ್ಡಿ ಸರಿದೂಗಿಸಲು ಕೊಟ್ಟ ರಿಯಾಯಿತಿ ಎಷ್ಟು ಎಂಬುದನ್ನು ಇಎಂಐಗೆ ಬದಲಿಸುವ ಮೊದಲೇ ಗ್ರಾಹಕರಿಗೆ ತೋರಿಸಬೇಕು.

ಉದಾಹರಣೆಗೆ ₹30,000 ಬೆಲೆಯ ಫೋನನ್ನು ಕ್ರೆಡಿಟ್ ಕಾರ್ಡ್ ಮೇಲೆ ₹5,000ದಂತೆ ಆರು ಕಂತುಗಳಲ್ಲಿ ಕೊಂಡರು ಎನ್ನೋಣ. ವಾರ್ಷಿಕ ಬಡ್ಡಿ ಶೇ 15 ಆದರೆ, ಆ ಕಂತುಗಳೊಳಗೆ ಅಡಗಿರುವ ಬಡ್ಡಿ ಸುಮಾರು ₹1,270. ಅದಕ್ಕೆ ಸಮನಾದ ರಿಯಾಯಿತಿಯನ್ನು ಮೊದಲೇ ಕೊಟ್ಟಿರುವುದರಿಂದ ಬಡ್ಡಿ ಗ್ರಾಹಕರಿಗೆ ಕಾಣುವುದಿಲ್ಲ. ಆದರೆ ಬಡ್ಡಿಯ ಮೇಲಿನ ಶೇ 18 ಜಿಎಸ್‌ಟಿ, ಅಂದರೆ ಸುಮಾರು ₹230, ಕಾರ್ಡ್ ಬಿಲ್‌ನಲ್ಲಿ ಬರುತ್ತದೆ. ಸಂಸ್ಕರಣಾ ಶುಲ್ಕ ₹199 ಇದ್ದರೆ ತೆರಿಗೆ ಸೇರಿ ಮತ್ತೆ ₹235. 'ನೋ ಕಾಸ್ಟ್' ಎಂದ ಖರೀದಿಗೆ ಹೀಗೆ ₹465ರಷ್ಟು ಹೆಚ್ಚುವರಿ ಖರ್ಚು. ಇನ್ನು ಇಎಂಐ ಲೆಕ್ಕವಾಗುವುದು ಕ್ಯಾಶ್‌ಬ್ಯಾಕ್ ಕಳೆದ ಬೆಲೆಯ ಮೇಲಲ್ಲ, ಪೂರ್ತಿ ಬಿಲ್ ಮೇಲೆ.

ಇದಕ್ಕೆ ತದ್ವಿರುದ್ಧ ನಿದರ್ಶನ 2025ರ ಸೆಪ್ಟೆಂಬರ್ 22ರ ಜಿಎಸ್‌ಟಿ ಇಳಿಕೆ. ಎ.ಸಿ., 32 ಇಂಚಿಗಿಂತ ದೊಡ್ಡ ಟಿವಿ ಮೊದಲಾದವುಗಳ ತೆರಿಗೆ ಶೇ 28ರಿಂದ 18ಕ್ಕೆ ಇಳಿಯಿತು. ಆ ಇಳಿಕೆ ಪಡೆಯಲು ಗ್ರಾಹಕರು ಫಾರ್ಮ್ ತುಂಬಬೇಕಿರಲಿಲ್ಲ, ತಿಂಗಳುಗಟ್ಟಲೆ ಕಾಯಬೇಕಿರಲಿಲ್ಲ. ತೆರಿಗೆಯ ಇಳಿಕೆ ಬಿಲ್‌ನಲ್ಲೇ ಕಾಣಿಸಲು ಸಾಧ್ಯವಾದರೆ ಕಂಪನಿಯ ರಿಯಾಯಿತಿ ಏಕೆ ಕಾಣಿಸಬಾರದು?

ಕಾನೂನು ಏನು ಹೇಳುತ್ತದೆ?

ಕಾನೂನಿನ ಕೊರತೆ ಇಲ್ಲ. ಕೊಡುವ ಉದ್ದೇಶವಿಲ್ಲದೆ ಉಡುಗೊರೆ, ಬಹುಮಾನ ಅಥವಾ ಇತರ ಕೊಡುಗೆ ಘೋಷಿಸುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಬೆಲೆಯಲ್ಲೇ ಸೇರಿಸಿದ ವಸ್ತುವನ್ನು ಉಚಿತ ಎಂದು ಬಿಂಬಿಸುವುದೂ ಅಷ್ಟೇ. 2022ರ ಜೂನ್‌ನಲ್ಲಿ ಬಂದ ದಾರಿತಪ್ಪಿಸುವ ಜಾಹೀರಾತು ತಡೆ ಮಾರ್ಗಸೂಚಿಗಳ ಪ್ರಕಾರ ಷರತ್ತುಗಳು ಮುಖ್ಯ ಘೋಷಣೆಯ ಭಾಷೆಯಲ್ಲೇ, ಅದೇ ಅಕ್ಷರ ಶೈಲಿಯಲ್ಲಿ, ಕಣ್ಣಿಗೆ ಕಾಣುವಂತೆ ಇರಬೇಕು; ಘೋಷಣೆಗೆ ವಿರುದ್ಧವಾಗಿರಬಾರದು. ಮರಾಠಿಯಲ್ಲಿ 'ಕ್ಯಾಶ್‌ಬ್ಯಾಕ್' ಎಂದು ಕೂಗಿ, ಇಂಗ್ಲಿಷ್‌ನ ಸಣ್ಣ ಅಕ್ಷರದಲ್ಲಿ ಷರತ್ತು ಹಾಕುವಂತಿಲ್ಲ. ಕನ್ನಡದ ಜಾಹೀರಾತಿಗೂ ಇದೇ ನಿಯಮ. 2023ರ ನವೆಂಬರ್‌ನಲ್ಲಿ ಆನ್‌ಲೈನ್ ವ್ಯಾಪಾರದ 13 ಬಗೆಯ ವಂಚಕ ವಿನ್ಯಾಸಗಳನ್ನು ಪಟ್ಟಿ ಮಾಡಿ ನಿಷೇಧಿಸಲಾಯಿತು. ಬೆಲೆಯನ್ನು ಕಂತುಕಂತಾಗಿ ಬಿಚ್ಚಿಡುವುದೂ ಆ ಪಟ್ಟಿಯಲ್ಲಿದೆ.

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇಂಥ ವಿಷಯದಲ್ಲಿ ಕೈಕಟ್ಟಿ ಕುಳಿತಿಲ್ಲ ಎಂಬುದಕ್ಕೆ ಬೆಂಗಳೂರು ಮೂಲದ ಎರಡು ಕಂಪನಿಗಳ ಪ್ರಕರಣಗಳು ಸಾಕ್ಷಿ. ಹಣ ವಾಪಸ್ ಕೊಡುವಾಗ ಕೂಪನ್ ಮಾತ್ರ ನೀಡದೆ, ಬ್ಯಾಂಕ್ ಖಾತೆಗೆ ಪಡೆಯುವ ಆಯ್ಕೆಯನ್ನೂ ಗ್ರಾಹಕರಿಗೆ ಕೊಡಬೇಕು ಎಂದು 2024ರ ಅಕ್ಟೋಬರ್‌ನಲ್ಲಿ ಓಲಾಗೆ ಅದು ಸೂಚಿಸಿತು. ಐದು ನಿಮಿಷದಲ್ಲಿ ಆಟೊ ಬಾರದಿದ್ದರೆ ₹50 ಎಂಬ ಜಾಹೀರಾತಿಗಾಗಿ 2025ರ ಆಗಸ್ಟ್‌ನಲ್ಲಿ ರ‍್ಯಾಪಿಡೋಗೆ ₹10 ಲಕ್ಷ ದಂಡ ವಿಧಿಸಿತು. ಆ ₹50 ನಗದಾಗಿರಲಿಲ್ಲ. ಅದು ಏಳು ದಿನಗಳಲ್ಲಿ ಅವಧಿ ಮುಗಿಯುವ, ಬೈಕ್ ಸವಾರಿಗೆ ಮಾತ್ರ ಬಳಸಬಹುದಾದ 'ಕಾಯಿನ್' ಆಗಿತ್ತು. ಭರವಸೆಯ ಹಣ ಸಿಗದ ಗ್ರಾಹಕರಿಗೆ ಅದನ್ನು ಕೊಡುವಂತೆಯೂ ಪ್ರಾಧಿಕಾರ ಆದೇಶಿಸಿತು.

ಎರಡೂ ಪ್ರಕರಣಗಳು ಸವಾರಿಗೆ ಸಂಬಂಧಿಸಿದವು, ಆದರೆ ತತ್ವ ಟಿವಿ ಅಂಗಡಿಗೂ ಅನ್ವಯಿಸುತ್ತದೆ. ಹಣ ಎಂದು ಹೇಳಿದ್ದನ್ನು ವೋಚರ್, ಪಾಯಿಂಟ್ ಅಥವಾ ಮುಂದಿನ ಖರೀದಿಯ ಕೂಪನ್ ಆಗಿ ಬದಲಿಸುವುದನ್ನು ಪ್ರಶ್ನಿಸಬಹುದು.

ಹಾಗಿದ್ದೂ ದೂರು ಏಕೆ ಕಡಿಮೆ?

ನಾಶಿಕ್ ಮತ್ತು ಛತ್ರಪತಿ ಸಂಭಾಜಿನಗರ ಎರಡರಲ್ಲೂ ಜಿಲ್ಲಾ ಗ್ರಾಹಕ ಆಯೋಗಗಳಿವೆ. ₹5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಖರೀದಿ ಎಲ್ಲೇ ಆಗಿರಲಿ, ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಆನ್‌ಲೈನ್‌ನಲ್ಲೂ ಸಲ್ಲಿಸಬಹುದು. ಪರೀಕ್ಷೆ ಬೇಕಿಲ್ಲದ ಪ್ರಕರಣವನ್ನು ಮೂರು ತಿಂಗಳಲ್ಲಿ ಇತ್ಯರ್ಥಪಡಿಸಲು ಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ.

ಆದರೂ ₹2,000ಕ್ಕಾಗಿ ಆಯೋಗದ ಮೆಟ್ಟಿಲು ಹತ್ತುವವರು ವಿರಳ. ಒಬ್ಬರ ನಷ್ಟ ಸಣ್ಣದು, ಕಂಪನಿಯ ಒಟ್ಟು ಉಳಿತಾಯ ದೊಡ್ಡದು. ಸಮಸ್ಯೆಯ ಬೇರು ಇರುವುದು ಈ ಅಂತರದಲ್ಲೇ. ಆದ್ದರಿಂದ ಪರಿಹಾರವನ್ನು ಒಬ್ಬೊಬ್ಬ ಗ್ರಾಹಕರ ಹಟಕ್ಕೆ ಬಿಡುವುದು ಸಾಲದು. ಒಂದೇ ಯೋಜನೆಯಿಂದ ನೊಂದ ಹಲವರು ಆಯೋಗದ ಅನುಮತಿ ಪಡೆದು ಒಟ್ಟಾಗಿ ದೂರು ಸಲ್ಲಿಸಲು ಕಾಯ್ದೆಯಲ್ಲಿ ಅವಕಾಶವಿದೆ, ನೋಂದಾಯಿತ ಗ್ರಾಹಕ ಸಂಘಟನೆಗಳೂ ದೂರು ಕೊಡಬಹುದು. 1974ರಲ್ಲಿ ಪುಣೆಯಲ್ಲಿ ಬಿಂದುಮಾಧವ ಜೋಶಿ ಗ್ರಾಹಕ ಪಂಚಾಯತ್ ಕಟ್ಟಿದ ರಾಜ್ಯವಿದು, ಸಂಘಟನೆಯ ಪರಂಪರೆ ಇಲ್ಲಿ ಹೊಸದೇನಲ್ಲ.

ಪ್ರಾಧಿಕಾರ ಮಾಡಬಹುದಾದ ಕೆಲಸವೂ ಇದೆ. ಕ್ಯಾಶ್‌ಬ್ಯಾಕ್ ಘೋಷಿಸಿದರೆ ಅದರ ಮೊತ್ತ, ಕೊಡಬೇಕಾದವರ ಹೆಸರು ಮತ್ತು ಕೊನೆಯ ದಿನಾಂಕವನ್ನು ಬಿಲ್‌ನಲ್ಲೇ ಮುದ್ರಿಸಬೇಕು ಎಂಬ ಒಂದು ಸಾಲಿನ ನಿಯಮ ಬಂದರೂ ಬೆರಳು ತೋರಿಸುವ ಆಟದ ಅರ್ಧ ನಿಲ್ಲುತ್ತದೆ. ಸಣ್ಣ ಅಂಗಡಿಯವರಿಗೂ ಇದರಿಂದ ಲಾಭವೇ. ತಾವು ಕೊಡದ ಹಣಕ್ಕೆ ತಾವು ಬೈಸಿಕೊಳ್ಳುವ ಪಾಡು ಅವರಿಗೆ ತಪ್ಪುತ್ತದೆ.

ಗ್ರಾಹಕರು ಈಗಲೇ ಏನು ಮಾಡಬಹುದು?

* ಬೆಲೆ ಹೋಲಿಸುವಾಗ ಕ್ಯಾಶ್‌ಬ್ಯಾಕ್ ಕಳೆದ ಮೊತ್ತವನ್ನಲ್ಲ, ಕೌಂಟರ್‌ನಲ್ಲಿ ಕಟ್ಟುವ ಮೊತ್ತವನ್ನು ಹೋಲಿಸಿ.
* ಕ್ಯಾಶ್‌ಬ್ಯಾಕ್ ಕೊಡುವವರು ಯಾರು, ಯಾವ ದಿನದೊಳಗೆ, ನಗದೋ ವೋಚರೋ ಎಂಬುದನ್ನು ಬಿಲ್ ಮೇಲೆ ಬರೆಸಿ ಅಂಗಡಿಯ ಮೊಹರು ಹಾಕಿಸಿಕೊಳ್ಳಿ.
* ಫಲಕ, ಜಾಹೀರಾತು, ಷರತ್ತುಗಳ ಪುಟ, ಡಬ್ಬದ ಮೇಲಿನ ಸೀರಿಯಲ್ ನಂಬರ್‌ಗಳ ಫೋಟೊ ಅಂದೇ ತೆಗೆದಿಡಿ. ಕ್ಯಾಶ್‌ಬ್ಯಾಕ್ ಜಮೆಯಾಗುವವರೆಗೆ ಡಬ್ಬ ಎಸೆಯಬೇಡಿ.
* ಹಣ ಬಾರದಿದ್ದರೆ ಮೊದಲು ಲಿಖಿತ ದೂರು ಕೊಡಿ, ನಂತರ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕನ್ನಡ, ಮರಾಠಿ ಸೇರಿ 17 ಭಾಷೆಗಳಲ್ಲಿ ಸೇವೆ ಇದೆ.
* ಬಾಕಿ ಇರುವುದು ಬ್ಯಾಂಕಿನಿಂದಾದರೆ, ಅದು 30 ದಿನಗಳಲ್ಲಿ ಉತ್ತರಿಸದಿದ್ದಲ್ಲಿ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಹೋಗಬಹುದು.
* ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಲು ಎರಡು ವರ್ಷ ಕಾಲಾವಕಾಶವಿದೆ.

ಹಬ್ಬದ ದಿನ ಟಿವಿ ಮನೆಗೆ ಬಂದಾಗ ಪೂಜೆಯಾಗುತ್ತದೆ, ಸಿಹಿ ಹಂಚುತ್ತಾರೆ. ಆ ಸಂಭ್ರಮದಲ್ಲಿ ಬಿಲ್ ಕಪಾಟು ಸೇರುತ್ತದೆ, ಗಡುವು ಮರೆತುಹೋಗುತ್ತದೆ. ಕಂಪನಿಗಳು ಲೆಕ್ಕ ಹಾಕಿರುವುದು ಇದೇ ಮರೆವಿನ ಮೇಲೆ. ಆ ಲೆಕ್ಕ ತಪ್ಪಿಸಲು ಸುಲಭ ದಾರಿಯೊಂದು ಗ್ರಾಹಕರ ಕೈಯಲ್ಲೇ ಇದೆ: ₹4,000 ಆಮೇಲೆ ಕೊಡುತ್ತೇವೆ ಎನ್ನುವ ಅಂಗಡಿಯ ಬದಲು, ₹3,000 ಈಗಲೇ ಬಿಲ್‌ನಲ್ಲಿ ಕಡಿಮೆ ಮಾಡುವ ಅಂಗಡಿಯನ್ನು ಆರಿಸಿಕೊಳ್ಳುವುದು.